ಬೆಳ್ಳಿ ಬಿಲ್ಲೆಯ ತುರಿಕೆ

ಅಂಗಳದಲ್ಲಿ ಕುದುರೆ ಮಾಂಸ ಬೇಯುತ್ತಿತ್ತು, ಹಾಡುಗಾರ ದೋಂಬ್ರಾದ ತಂತಿ ಬಿಗಿಯುತ್ತಿದ್ದ. ಮದುಮಗಳು ಅಕ್ಮರಾಲ್ ಮಾತ್ರ ಒಳಕೋಣೆಯಲ್ಲಿ ಹಣೆ ಕೆರೆದುಕೊಳ್ಳುತ್ತ ಗೋಳೋ ಎನ್ನುತ್ತಿದ್ದಳು. ಎಲ್ಲರೆದುರು ಅವಳ ಮುಸುಕು ತೆಗೆಯುವ ಹೊತ್ತಾಗಿತ್ತು; ಮುಸುಕಿನೊಳಗೆ ನೋಡಿದರೆ ಹಣೆ ತುಂಬ ಕೆಂಪು ಗುಳ್ಳೆ.

"ಹುಳುಕಡ್ಡಿ!" ಅತ್ತೆ ರಬಿಗಾ ಬಾಗಿಲಿಗೆ ಅಡ್ಡ ನಿಂತಿದ್ದಳು. "ತವರಿನ ಕರುಗಳಿಂದ ಅಂಟಿಸ್ಕೊಂಡು ಬಂದಿದ್ದಾಳೆ. ಇವಳನ್ನ ಮನೆ ತುಂಬಿಸ್ಕೊಂಡು ಊರಿಗೆಲ್ಲ ಹಂಚಲಾ? ಈ ಮದುವೆ ಬೇಡವೇ ಬೇಡ!"

ನರ್ಸ್ ಕುಲ್ಪಾಶ್ ಪಾಪ, ಉಣ್ಣಲು ಬಂದವಳು. ಡಾಕ್ಟರಿಲ್ಲದ ಊರಲ್ಲಿ ರೋಗ ಗುರುತಿಸಿ ತಾನೇ ಔಷಧಿ ಕೊಡುವಷ್ಟು ಹೆಚ್ಚಿನ ಓದು ಓದಿದ್ದಳು. ಆ ತಪ್ಪಿಗೆ ಯಾವ ಮದುವೆಮನೆಯಲ್ಲೂ ಅವಳಿಗೆ ಬಿಸಿ ಊಟ ಸಿಕ್ಕಿದ್ದಿಲ್ಲ. ಕೈ ತೊಳೆದು ಹುಡುಗಿಯನ್ನು ಕಿಟಕಿ ಬಳಿ ಕೂರಿಸಿದಳು.

"ರಬಿಗಾ ಅಪಾ, ಹುಳುಕಡ್ಡಿಯಾದ್ರೆ ಉಂಗುರದ ಹಾಗೆ ಅಂಚು ಎದ್ದು ಹೊಟ್ಟು ಏಳ್ತದೆ. ಇದು ನೋಡಿ, ಸಾಲು ಹಿಡಿದು ಕೂತಿದೆ. ಹಣೆಗೆ ಏನು ಕಟ್ಟಿದ್ರಿ?"

"ನಮ್ಮತ್ತೆಯ ಸೌಕೆಲೆ. ಶುದ್ಧ ಬೆಳ್ಳಿ ಬಿಲ್ಲೆ! ಬಾಗಿ ನಮಸ್ಕಾರ ಮಾಡೋದು ಅಭ್ಯಾಸ ಆಗ್ಲಿ ಅಂತ ಮೊನ್ನೆಯಿಂದ ತೊಡಿಸ್ತಿದ್ದೀನಿ."

ಕುಲ್ಪಾಶ್ ಮದುಮಗಳು ತೊಡುವ ಆ ಗೋಪುರದಂಥ ಟೋಪಿಯನ್ನು ಹುಡುಗಿಯ ಹಣೆಗೆ ಹಿಡಿದು ನೋಡಿದಳು. ಒಂದೊಂದು ಬಿಲ್ಲೆಯ ಕೆಳಗೂ ಒಂದೊಂದು ಕೆಂಪು ಬೊಟ್ಟು. ಟೋಪಿಯ ರೇಷ್ಮೆ ತಾಗಿದ ಕಡೆ ಏನೂ ಇಲ್ಲ! ನಗು ಉಕ್ಕಿ ಬಂತು, ನುಂಗಿಕೊಂಡಳು. ಹೇಳಿದರೆ ರಬಿಗಾಳ ಬೆಳ್ಳಿಯ ಮಾನ ಹೋಗುತ್ತದೆ, ಹೇಳದಿದ್ದರೆ ಹುಡುಗಿಯ ಮದುವೆ.

"ಇದು ಬೆಳ್ಳಿಯಲ್ಲ ಅಪಾ, ನಿಕ್ಕಲ್ ಬೆರೆಸಿದ್ದು. ಕೆಲವರ ಚರ್ಮಕ್ಕೆ ಆಗಿಬರಲ್ಲ, ಆದ್ರೆ ಯಾರಿಗೂ ಅಂಟಲ್ಲ. ಟೋಪಿ ದೂರ ಇಟ್ಟು, ತಣ್ಣೀರು ಬಟ್ಟೆ ಹಾಕಿ, ಮುಲಾಮು ಹಚ್ಚಿದ್ರೆ ಕೆಲವೇ ದಿನದಲ್ಲಿ ಮಾಯ."

ರಬಿಗಾ ಟೋಪಿ ಕಸಿದುಕೊಂಡು ಬಿಲ್ಲೆಗಳನ್ನು ತಿರುಗಿಸಿ ನೋಡಿದಳು. ಬೈಗುಳಕ್ಕೆ ಕುಲ್ಪಾಶ್ ಸಿದ್ಧಳಾದಳು.

"ನನ್ನ ಮದುವೇಲೂ ಹಿಂಗೇ ಆಗಿತ್ತು ಕಣೇ! ಇದೇ ಟೋಪಿ, ಇದೇ ಹಣೆ! ನನ್ನ ತಂಗಿ ಕುಲಾನಳ ಕಣ್ಣು ಬಿದ್ದಿದೆ ಅಂದ್ರು ನಮ್ಮತ್ತೆ. ನಂಬಿಬಿಟ್ಟೆ! ಅವತ್ತಿಂದ ಅವಳ ಮನೆ ಚಹಾ ಮುಟ್ಟಿಲ್ಲ, ನನ್ನ ಮನೆಗೂ ಸೇರಿಸಿಲ್ಲ."

ಅಳುತ್ತಾಳೇನೋ ಅಂದುಕೊಂಡರೆ ಹೊಟ್ಟೆ ಹಿಡಿದು ನಗತೊಡಗಿದಳು. ಅಕ್ಮರಾಲ್ ಕೂಡ ಕೆರೆಯುವುದು ಮರೆತು ನಕ್ಕಳು. ರಬಿಗಾ ತನ್ನ ತಲೆಯ ಬಿಳಿ ವಸ್ತ್ರ ಬಿಚ್ಚಿ ಸೊಸೆಯ ತಲೆಗೆ ಕಟ್ಟಿದಳು. ಆಮೇಲೆ ಫೋನು ಹಿಡಿದಳು.

"ಮಾಂಸ ಆರ್ತಿದೆ!" ಹೊರಗಿಂದ ಹಾಡುಗಾರ ಕೂಗಿದ.

"ಆರ್ಲಿ ಬಿಡೋ! ಹಲೋ, ಕುಲಾನ್? ನಾನೇ ಕಣೇ, ನಿನ್ನಕ್ಕ. ಬೈಯೋದು ಆಮೇಲೆ ಬೈಯಿ, ಮೊದಲು ಹೊರಡು. ಬಂದು ನನ್ನ ಸೊಸೇನ ಕಣ್ತುಂಬ ನೋಡು. ನೀನು ನೋಡೋವರೆಗೂ ನಾನು ಮುಸುಕು ಎತ್ತಿಸಲ್ಲ."