ಮುನಿರತ್ನ ಒತ್ತದ ಗುಂಡಿ

ಕಾರ್ಖಾನೆಯಲ್ಲಿ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಸಾಫ್ಟ್‌ವೇರಿನಲ್ಲಿ ‘ತರಬೇತಿ ಮುಗಿದಿದೆ’ ಎಂಬ ಗುಂಡಿ ಒತ್ತುವ ಅಧಿಕಾರ ಸೂಪರ್‌ವೈಸರ್ ಮುನಿರತ್ನಳಿಗೆ ಮಾತ್ರ ಇತ್ತು. ಕಾಡಂಚಿನ ಅಂಚೆಟ್ಟಿಯಿಂದ ಹೊಸದಾಗಿ ಬಂದ ಸೆಲ್ವಿಯನ್ನು ಅಂದೇ ತಗಡು ಒತ್ತುವ ಪ್ರೆಸ್ ಮೆಷಿನ್ನಿಗೆ ಹಾಕಬೇಕೆಂದು ಮ್ಯಾನೇಜರ್ ಗೋಪೀನಾಥ ಅವಸರ ಮಾಡುತ್ತಿದ್ದರು.

“ವಿಡಿಯೋ ಪೂರ್ತಿ ನೋಡಿದ್ದಾಳೆ. ಒತ್ತಮ್ಮ.”

ವಿಡಿಯೋ ಇಂಗ್ಲಿಷಿನಲ್ಲಿತ್ತು. ಮುನಿರತ್ನ ಸೆಲ್ವಿಯನ್ನು ಆಫ್ ಮಾಡಿದ್ದ ಮೆಷಿನ್ನಿನ ಮುಂದೆ ಕರೆತಂದಳು. “ಕೈ ಸಿಕ್ಕಾಕ್ಕಂಡ್ರೆ ಯಾವ್ದು ಒತ್ತೀಯವ್ವ?”

ಸೆಲ್ವಿ ಹಸಿರು ಗುಂಡಿ ತೋರಿಸಿದಳು. ಅದು ಮೆಷಿನ್ ಶುರು ಮಾಡುವ ಗುಂಡಿ; ನಿಲ್ಲಿಸುವುದು ಕೆಂಪು.

“ಕೆಂಪು ಯಾಕಲ್ಲ?”

“ನಮ್ಮೂರಲ್ಲಿ ಆನೆ ಬರ್ದಂಗೆ ಹಾಕಿರೋ ಬೇಲಿ ತಾವ ಕೆಂಪು ಬೋರ್ಡು ಐತಲ್ಲಕ್ಕ, ಮುಟ್ಟಿದ್ರೆ ಕರೆಂಟು ಹೊಡೀತದೆ.”

“‘ಮುಗಿದಿದೆ’ ಒತ್ತದಿದ್ರೆ ನಿನ್ನ ಸೂಪರ್‌ವೈಸರ್ ಅಧಿಕಾರ ತೆಗೆಸಿಬಿಡ್ತೀನಿ,” ಎಂದರು ಗೋಪೀನಾಥ.

“ತೆಗೆಸಿ ಸಾರ್. ನಿಮ್ಮೆಸ್ರಿಗೇ ಹಾಕ್ಕೊಂಡು ನೀವೇ ಒತ್ತಿ. ಒತ್ತಿದೋರ ಹೆಸ್ರು, ಟೈಮು, ಎರಡೂ ಅದ್ರಲ್ಲೇ ಉಳ್ಕಂತದೆ.”

ಗೋಪೀನಾಥ ಕಂಪ್ಯೂಟರ್ ಪರದೆಯನ್ನು ನೋಡಿದರು. ಮೌಸ್ ಮುಟ್ಟಲಿಲ್ಲ.

ಮುನಿರತ್ನ ‘ಮುಗಿದಿಲ್ಲ’ ಎಂದು ಗುರುತು ಹಾಕಿ, ಕಾರಣದ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದಳು. ಆಮೇಲೆ ಸೆಲ್ವಿಯ ಕೈಯನ್ನು ಕೆಂಪು ಗುಂಡಿಯ ಮೇಲಿಟ್ಟಳು.

“ಇದು ಬೇಲಿಯಲ್ಲ ಕಣವ್ವ. ಜೋರಾಗಿ ಒತ್ತು.”