ಒಣಗದ ಬಿಲ್ಲೆ

ಗಾಜಿನ ತಟ್ಟೆಯನ್ನು ಅವಳು ಮೂರನೆಯ ಸಲ ಕಿಟಕಿಯ ಬೆಳಕಿಗೆ ಹಿಡಿದಳು. ಬ್ಯಾಕ್ಟೀರಿಯಾ ತೆಳುವಾದ ಕೆನೆಯಂತೆ ಹರಡಿತ್ತು. ನಡುವಿನ ಕಾಗದದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಆದರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಅವಳು ನಂಬಿದ್ದ ಜುನಿಪರ್ ಕಾಯಿಯ ಸಾರ ಈ ಬಿಲ್ಲೆಗೆ ಸೋಕಿರಲೇ ಇಲ್ಲ. ಬರೀ ಆಲ್ಕೋಹಾಲ್ ಹನಿಸಿದ್ದಳು.

ಹಾಗಾದರೆ ಇಷ್ಟು ದಿನ ಕಂಡ ಉಂಗುರಗಳೆಲ್ಲ ಆಲ್ಕೋಹಾಲಿನವೇ ಇರಬಹುದು. ಆಲ್ಕೋಹಾಲಿನಲ್ಲಿ ಕರಗಿಸಿದ ಸಾರವನ್ನು ಹನಿಸಿದ ಮೇಲೆ ಬಿಲ್ಲೆ ಪೂರ್ತಿ ಒಣಗುವ ತನಕ ಕಾಯಬೇಕು. ಆರು ತಿಂಗಳಿಂದ ಅವಳು ಆತುರಕ್ಕೆ ಬಿದ್ದು ಒದ್ದೆ ಬಿಲ್ಲೆಗಳನ್ನೇ ಇಡುತ್ತ ಬಂದಿದ್ದಳು. ಬರೀ ಆಲ್ಕೋಹಾಲಿನ ತಟ್ಟೆಯನ್ನೂ ಜೊತೆಗಿಟ್ಟು ನೋಡುವ ಕೆಲಸವನ್ನು ಇವತ್ತು ನಾಳೆ ಎಂದು ತಳ್ಳಿದ್ದಳು.

ಮೊದಲು ನೆನಪಾದದ್ದು ಮೇಲಧಿಕಾರಿಯಲ್ಲ, ಅಪ್ಪ. ಅವನು ಇದೇ ಸಂಶೋಧನಾ ಸಂಸ್ಥೆಯ ತೋಟದ ಮಾಲಿ. ಜುನಿಪರ್ ಪೊದೆಯ ಸೂಜಿ ಎಲೆಗಳ ನಡುವೆ ಕೈಹಾಕಿ, ಈ ವರ್ಷದ ಹಸಿರು ಕಾಯಿಗಳನ್ನು ಬಿಟ್ಟು, ಮಾಗಿದ ನೀಲಿಯವನ್ನಷ್ಟೇ ಅವಳಿಗೆ ಬಿಡಿಸಿ ಕೊಡುವವನು. ಮೊದಲ ಉಂಗುರದ ಫೋಟೋವನ್ನು ತನ್ನ ಸಲಕರಣೆ ಕೋಣೆಯ ಬಾಗಿಲಿಗೆ ಅಂಟಿಸಿಕೊಂಡಿದ್ದ. ಅಂದಿನಿಂದ ತನ್ನ ಉರಿಮೂತ್ರಕ್ಕೆಂದು ದಿನಾ ಹತ್ತು ಕಾಯಿ ಅಗಿಯುತ್ತಿದ್ದ. ಬಹಳ ದಿನ ತಿಂದರೆ ಮೂತ್ರಪಿಂಡಕ್ಕೆ ಕೇಡು ಎಂದು ಓದಿದ್ದವಳು, ಅವನ ಹೆಮ್ಮೆ ಕಂಡು ಬಾಯಿ ಮುಚ್ಚಿಕೊಂಡಿದ್ದಳು.

ಅವಳು ತೋಟಕ್ಕೆ ಓಡಿದಳು. ಅಪ್ಪ ಸಲಕರಣೆ ಕೋಣೆಯ ಹೊಸ್ತಿಲಲ್ಲಿ ಬೂಟು ಬಿಚ್ಚಿ ಕೂತಿದ್ದ. ಪಾದಗಳು ಊದಿದ್ದವು.

"ಬಾ ಡಾಕ್ಟ್ರಮ್ಮ. ಇವತ್ತೆಷ್ಟು ಕೊಂದೆ?"

"ನಾನೇನೂ ಕೊಂದಿಲ್ಲಪ್ಪ. ಕೊಂದಿದ್ದು ಆಲ್ಕೋಹಾಲು."

ಅವನು ನಗಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದ. ಅವಳು ಎಲ್ಲ ಹೇಳಿದಳು.

"ಕಾಯಿ ಏನ್ ಮಾಡುತ್ತೋ ನಂಗಿನ್ನೂ ಗೊತ್ತಿಲ್ಲ. ನೀನು ತಿನ್ನೋದು ನಿಲ್ಸು. ಈಗ್ಲೇ ಆಸ್ಪತ್ರೆಗೆ ಹೋಗೋಣ, ಏಳು."

ಅಪ್ಪ ಬೂಟುಗಳನ್ನು ಹತ್ತಿರ ಎಳೆದುಕೊಂಡ.

"ಉರಿ ಕಡಿಮೆ ಆಗಿದೆ ಅಂತಿದ್ಯಲ್ಲಪ್ಪ?" ಅವಳ ದನಿಯಲ್ಲಿ ಇನ್ನೂ ಒಂದೆಳೆ ಆಸೆಯಿತ್ತು.

"ಎಲ್ಲಿ ಕಡಿಮೆ? ಜಾಸ್ತೀನೇ ಆಗಿದೆ. ನಿನ್ ಔಷಧಿ ಅಲ್ವೇನೇ, ಹೆಂಗೆ ಹೇಳ್ಲಿ?"

ಅಪ್ಪ ಜೇಬಿನಿಂದ ಉಳಿದ ಕಾಯಿಗಳನ್ನು ತೆಗೆದು ಅವಳ ಅಂಗೈಗೆ ಸುರಿದ. "ತಗೋ. ಈ ಸಲ ಸರಿಯಾಗಿ ಒಣಗ್ಸಿ ನೋಡು."

ಬೂಟು ಅಪ್ಪನ ಊದಿದ ಕಾಲಿಗೆ ಹತ್ತಲಿಲ್ಲ. ಅವಳು ಕಾಯಿಗಳನ್ನು ಜೇಬಿಗಿಳಿಸಿ, ಬೂಟುಗಳನ್ನು ಒಂದು ಕೈಲಿ ಎತ್ತಿಕೊಂಡಳು, ಇನ್ನೊಂದರಲ್ಲಿ ಅಪ್ಪನ ರಟ್ಟೆ ಹಿಡಿದಳು. ಅವನು ಬರಿಗಾಲಲ್ಲೇ ಎದ್ದು, ತನ್ನ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟ.