ತಾತನ ಶ್ವಾಸಕೋಶ

ನಮ್ಮ ತಾತ ತಕ್ ಜೊಂಗು ಸತ್ತಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಳೆತ್ತರದ ಎರಡು ಹೂಚಕ್ರಗಳು ಬಂದು ನಿಂತಿದ್ದವು. ಒಂದು ಕಲ್ಲಿದ್ದಲು ಕಂಪನಿಯದು, ಇನ್ನೊಂದು ಮಾಜಿ ಸೈನಿಕರ ಕಚೇರಿಯದು. ಬದುಕಿದ್ದಾಗ ಒಂದು ಬಾಟಲಿ ಕೆಮ್ಮಿನ ಔಷಧಿ ಕಳಿಸದವರು ಈಗ ಬಿಳಿ ಸೇವಂತಿಗೆ ಕಳಿಸಿದ್ದರು.

ತಾತ ಉತ್ತರ ಕೊರಿಯಾದವರೆದುರು ಮೂರು ವರ್ಷ ಬಂದೂಕು ಹಿಡಿದವನು. ಆಮೇಲೆ ಮೂವತ್ತು ವರ್ಷ ತೇಬೆಕ್ ಬೆಟ್ಟದ ಗಣಿಯಲ್ಲಿ ಗುದ್ದಲಿ ಹಿಡಿದ. ಧೂಳಿಗೆ ಮದ್ದೆಂದು ಕಂಪನಿ ತಿಂಗಳಿಗೊಮ್ಮೆ ಹಂದಿಮಾಂಸ ಕೊಡುತ್ತಿತ್ತು. ಕೊಬ್ಬು ತಿಂದರೆ ಎದೆಯ ಧೂಳು ಜಾರಿ ಹೋಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ತಾತನೂ ನಂಬಿ ತಿಂದ. ಕೊಬ್ಬು ಇಳಿಯಿತು, ಧೂಳು ಉಳಿಯಿತು.

ಕೊನೆಯ ಎಂಟು ವರ್ಷ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ನನ್ನ ಕಿವಿಯನ್ನು ಎದೆಗೆ ಒತ್ತಿಕೊಂಡು, "ಕೇಳು ಪುಟ್ಟೀ, ಒಳಗೆ ರೈಲು ಹೋಗ್ತಿದೆ" ಎಂದು ನಗಿಸುತ್ತಿದ್ದ. ನನಗೆ ತಾತನೆಂದರೆ ಪ್ರಾಣ.

ಗಣಿಯ ಕಾಯಿಲೆಯೆಂದು ಬರೆದುಕೊಟ್ಟರೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಸಿಗುತ್ತಿತ್ತು. ಕೇಳಿದರೆ ಕಂಪನಿ, 'ಅದು ಯುದ್ಧದ ಹೊಗೆ, ಸೈನಿಕರ ಕಚೇರಿಗೆ ಹೋಗಿ' ಎನ್ನುತ್ತಿತ್ತು. ಕಚೇರಿಯವರು, 'ಗುಂಡೇಟಿದ್ದರೆ ತೋರಿಸಿ, ಕೆಮ್ಮು ಗಣಿಯದು' ಎನ್ನುತ್ತಿದ್ದರು. ತಾತ ಇಬ್ಬರಿಗೂ ಬೇಕಾದವನೇ, ಅವನ ಶ್ವಾಸಕೋಶ ಮಾತ್ರ ಇಬ್ಬರಿಗೂ ಬೇಡ. ಊರಲ್ಲಿ ಅದೇ ಕೆಮ್ಮಿನ ಇನ್ನೂ ಹದಿನಾಲ್ಕು ಮುದುಕರಿದ್ದರು. ಒಬ್ಬನಿಗೆ ಬರೆದುಕೊಟ್ಟರೆ ಎಲ್ಲರಿಗೂ ಕೊಡಬೇಕಲ್ಲ!

ಮೂರನೆಯ ದಿನ ಬೆಳಿಗ್ಗೆ ಶವಪೆಟ್ಟಿಗೆ ಎತ್ತುವುದು ನಮ್ಮ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಕಂಪನಿಯ ಅಧಿಕಾರಿ ಪ್ಯೋ ಒಂದು ಕಾಗದ ಹಿಡಿದು ಬಂದ.

"ಅಜ್ಜೀ, ಇಲ್ಲಿ ಸಹಿ ಬದಲು ನಿಮ್ಮ ಹೆಸರಿನ ಮೊಹರು ಒತ್ತಿಬಿಡಿ. ಬಸ್ಸು ನಮ್ದೇ, ಬೆಟ್ಟದ ಸಮಾಧಿವರೆಗೂ ಬಿಡ್ತೀವಿ."

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. "ಏನಪ್ಪಾ ಇದು, ವಯಸ್ಸಾಗಿ ಸತ್ತ ಅಂತ ಬರ್ದಿದೀರಾ?"

"ಅರವತ್ನಾಲ್ಕು ಆಗಿತ್ತಲ್ಲಾ ಅಜ್ಜೀ."

"ನಿಮ್ಮ ಮಾಲೀಕರಿಗೆ ಎಷ್ಟು?"

"ಎಪ್ಪತ್ತೊಂದು."

"ಅಯ್ಯೋ, ಅವ್ರಿಗಿನ್ನೂ ವಯಸ್ಸೇ ಆಗಿಲ್ವಾ!"

ಅಂಗಳದಲ್ಲಿ ಖಾರದ ಸಾರು ಕುಡಿಯುತ್ತಿದ್ದ ಮುದುಕರು ನಕ್ಕರು. ನಕ್ಕವರೆಲ್ಲ ಕೆಮ್ಮಿದರು.

ಸೈನಿಕರ ಕಚೇರಿಯ ಗುಮಾಸ್ತ ಬಾವುಟ ಹಿಡಿದು ಚಡಪಡಿಸುತ್ತಿದ್ದ. "ಬೇಗ ಮುಗಿಸ್ರೀ, ಇದನ್ನ ಹೊದಿಸಿ ಫೋಟೋ ತೆಗೀಬೇಕು."

ಅಜ್ಜಿ ಹೋಗಿ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಳು. "ಪೆಟ್ಟಿಗೆ ಎತ್ತೋದಿಲ್ಲ. ಗಣಿ ಧೂಳಿಂದ ಸತ್ತ ಅಂತ ಬರ್ಕೊಡಿ, ಆಮೇಲೆ ಎತ್ತೋಣ."

ಪ್ಯೋ ಗಾಬರಿಯಾದ. "ಮೂರನೇ ದಿನ ಎತ್ತದಿದ್ರೆ ಸತ್ತೋರಿಗೆ ಅವಮಾನ ಅಜ್ಜೀ!"

ನಮಗೆ ಪದ್ಧತಿ ಹೇಳಿಕೊಡಲು ಕಂಪನಿಯವನೇ ಬರಬೇಕಾಯಿತು ನೋಡಿ. ತಾತನ ಜೊತೆ ಗಣಿಗಿಳಿಯುತ್ತಿದ್ದ ಕೂ ಬೊಂಗ್ಸು ಬಟ್ಟಲು ಕೆಳಗಿಟ್ಟು, ಏದುಸಿರು ಬಿಡುತ್ತಾ ಬಂದು ಅಜ್ಜಿಯ ಪಕ್ಕ ಕೂತ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತಾ ಹದಿನಾಲ್ಕೂ ಮುದುಕರು ಪೆಟ್ಟಿಗೆಯ ಸುತ್ತ ಕೂತರು.

"ಹೀಗೆ ಎಷ್ಟು ದಿನ ಕೂರ್ತೀರಾ?" ಪ್ಯೋ ಕೂಗಿದ.

"ನಮ್ದೇನೂ ಅವಸರ ಇಲ್ಲಪ್ಪಾ," ಅಂದಳು ಅಜ್ಜಿ. "ನಮ್ಮ ಮುದುಕನಿಗೆ ಈಗ ಮಲಗಿದ್ರೆ ಉಸಿರು ಕಟ್ಟೋದಿಲ್ಲ. ಎಷ್ಟು ದಿನ ಬೇಕಾದ್ರೂ ಕಾಯ್ತಾನೆ."